ಹಳಿಗೆ ಹಳದಿ ಬಣ್ಣ: ಜಾಣರು ಎಡವುವ ಜಾಗಗಳು

2006ರ ಆಗಸ್ಟ್ 18ರ ರಾತ್ರಿ ಮಾಹಿಮ್ ದಂಡೆಯಲ್ಲಿ ಸಮುದ್ರದ ನೀರು ಸಿಹಿಯಾಗಿದೆ ಎಂಬ ಸುದ್ದಿ ಎದ್ದಿತು. ನೋಡನೋಡುತ್ತ ಸಾವಿರಾರು ಜನ ಸೇರಿದರು. ಕೆಲವರು ಬೊಗಸೆಯಲ್ಲಿ ಮೊಗೆದು ಕುಡಿದರು, ಕೆಲವರು ಮಕ್ಕಳ ಬಾಯಿಗೂ ಹಾಕಿದರು, ಇನ್ನು ಕೆಲವರು ರೋಗ ವಾಸಿಯಾಗುತ್ತದೆಂದು ಪ್ಲಾಸ್ಟಿಕ್ ಬಾಟಲಿಗಳಲ್ಲಿ ತುಂಬಿಕೊಂಡು ಮನೆಗೆ ಒಯ್ದರು. ಹತ್ತಿರದಲ್ಲೇ ಮಖ್ದೂಮ್ ಬಾಬಾರ ದರ್ಗಾ ಇರುವುದರಿಂದ ಇದು ಬಾಬಾರ ಕೃಪೆಯೇ ಎಂಬ ಮಾತೂ ಹಬ್ಬಿತು. ನೀರಿನ ಮೇಲೆ ಕಸ ತೇಲುತ್ತಿತ್ತು. ಕುಡಿಯಬೇಡಿ ಎಂದು ಪಾಲಿಕೆಯೂ ಹೇಳಿತು, ಮಾಲಿನ್ಯ ನಿಯಂತ್ರಣ ಮಂಡಳಿಯೂ ಹೇಳಿತು. ಕೇಳುವ ಸ್ಥಿತಿಯಲ್ಲಿ ಜನ ಇರಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ನೀರು ಮತ್ತೆ ಉಪ್ಪಾಯಿತು.

ನಡೆದದ್ದು ಇಷ್ಟೇ. ವಿಹಾರ, ಪವಾಯಿ ಕೆರೆಗಳ ಕೋಡಿಯಿಂದ ಹೊರಟು ಸಾಕಿನಾಕಾ, ಕುರ್ಲಾ, ಬಾಂದ್ರಾ ದಾಟಿ ಬರುವ ಮೀಠಿ ನದಿ ಸಮುದ್ರ ಸೇರುವುದು ಮಾಹಿಮ್ ಖಾಡಿಯಲ್ಲಿ. ಆ ವರ್ಷ ಮಳೆ ಜೋರು. ನದಿ ತಂದು ಸುರಿದ ನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಮೇಲ್ಪದರದಲ್ಲಿ ನಿಂತಿತು. ಮೀಠಿಯಲ್ಲಿ ಹರಿಯುವುದು ಮಳೆನೀರು ಮಾತ್ರವಲ್ಲ ಎಂದು ಮುಂಬಯಿಯವರಿಗೆ ಹೇಳಬೇಕಾಗಿಲ್ಲ. ಗಟಾರದ ನೀರು, ಕಾರ್ಖಾನೆಗಳ ಎಣ್ಣೆ, ರಸಾಯನ ಎಲ್ಲವೂ ಅದರಲ್ಲೇ. ಕುಡಿದವರಿಗೂ ಇದು ಗೊತ್ತಿತ್ತು. ಕುರ್ಲಾದ ಸೇತುವೆಯ ಮೇಲೆ ಮೂಗು ಮುಚ್ಚಿಕೊಂಡು ದಾಟುವ ಜನವೇ ಮಾಹಿಮ್‌ನಲ್ಲಿ ಅದೇ ನೀರಿಗೆ ಬೊಗಸೆ ಒಡ್ಡಿದ್ದು.

ಅವರನ್ನು ಪೆದ್ದರೆಂದು ಪಕ್ಕಕ್ಕಿಡುವುದು ಸುಲಭ. ಆದರೆ ಅವರು ಮನೆಯಲ್ಲಿ ನಲ್ಲಿ ನೀರನ್ನು ಕುದಿಸಿ ಕುಡಿಯುವವರು, ಭಾಜಿಯವನ ತಕ್ಕಡಿಯ ಮೇಲೆ ಕಣ್ಣಿಡುವವರು. ಆ ರಾತ್ರಿ ಅವರ ಬುದ್ಧಿ ಎಲ್ಲಿಗೂ ಹೋಗಿರಲಿಲ್ಲ. ಸುತ್ತಲಿನ ಪರಿಸ್ಥಿತಿ ಬೇರೆಯಾಗಿತ್ತು. ಇಷ್ಟು ಜನ ಕುಡಿಯುತ್ತಿದ್ದಾರೆ ಎಂಬುದೇ ಒಂದು ಸಾಕ್ಷಿಯಂತೆ ಕಂಡಿತು. ಬೆಳಗಾದರೆ ಹೋಗಿಬಿಟ್ಟೀತು ಎಂಬ ಅವಸರ ಅದಕ್ಕೆ ಸೇರಿತು. ಇವೆರಡಕ್ಕಿಂತ ಮುಖ್ಯವಾದದ್ದು ಮೂರನೆಯದು: ನಾಲಿಗೆ ಸುಳ್ಳು ಹೇಳಿರಲಿಲ್ಲ. ನೀರು ನಿಜಕ್ಕೂ ಉಪ್ಪಾಗಿರಲಿಲ್ಲ. ರುಚಿ ನಿಜವಾದ್ದರಿಂದ ರುಚಿಗೆ ಕೊಟ್ಟ ಕಾರಣವೂ ನಿಜವಿರಬೇಕು ಎಂದು ಮನಸ್ಸು ಒಂದು ಹೆಜ್ಜೆ ಹಾರಿತು.

1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿದನೆಂಬ ಸುದ್ದಿ ಹಬ್ಬಿದಾಗಲೂ ಇದೇ ಆದದ್ದು. ಚಮಚದ ಹಾಲು ಕಡಿಮೆಯಾದದ್ದನ್ನು ಲಕ್ಷಾಂತರ ಜನ ಕಣ್ಣಾರೆ ಕಂಡರು. ಸರಕಾರದ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಹಿಡಿದಾಗ ಅದು ವಿಗ್ರಹದ ಮೈಮೇಲೆ ತೆಳ್ಳಗೆ ಇಳಿಯುವುದು ಕಾಣಿಸಿತು. ತುಂಬಿದ ಚಮಚವನ್ನು ಕಲ್ಲಿಗೆ ತಾಗಿಸಿದರೆ ಹಾಲಿನ ಮೇಲ್ಮೈ ಎಳೆತವೇ ಅದನ್ನು ಹೊರಕ್ಕೆ ಸೆಳೆಯುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಅಜ್ಜಿಯಂದಿರು ಅನ್ನುತ್ತಿದ್ದರಲ್ಲ, ಬಣ್ಣ ಬೆರೆಸಿದ್ದು ಆ ಪ್ರಮಾಣಿಸುವ ಕೆಲಸ.

ಹಾಗಾದರೆ ಮೊದಲ ಅಭ್ಯಾಸ ಇದು. ಯಾವುದೇ ಬೆರಗಿನ ಸುದ್ದಿ ಬಂದಾಗ ಕಂಡದ್ದನ್ನೂ ಕಂಡದ್ದಕ್ಕೆ ಕೊಟ್ಟ ಕಾರಣವನ್ನೂ ಬೇರೆ ಬೇರೆ ಮಾಡಿ. ಔಷಧಿ ತಗೊಂಡ ಮೇಲೆ ನೆಗಡಿ ಹೋಯಿತು: ಇದು ಕಂಡದ್ದು. ಔಷಧಿಯಿಂದಲೇ ಹೋಯಿತು: ಇದು ಕಾರಣ. ಇದೇ ಫಲ ಬೇರೆ ಯಾವ ದಾರಿಯಿಂದ ಬರಬಹುದಿತ್ತು ಎಂದು ಒಮ್ಮೆ ಕೇಳಿಕೊಂಡರೆ ಉತ್ತರ ಹೊಳೆಯುತ್ತದೆ. ನೆಗಡಿ ವಾರದಲ್ಲಿ ತಾನಾಗಿ ಹೋಗುವಂಥದ್ದು.

ಮೊದಲು ಹೊಳೆದ ಕಾರಣಕ್ಕೇ ಮನಸ್ಸು ಅಂಟಿಕೊಳ್ಳುವುದನ್ನು ಮನೆಯಲ್ಲೇ ಆಡಿ ನೋಡಬಹುದು. ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞ 1960ರಲ್ಲಿ ಪ್ರಕಟಿಸಿದ ಪರೀಕ್ಷೆ. ನನ್ನ ಮನಸ್ಸಿನಲ್ಲಿ ಒಂದು ನಿಯಮವಿದೆ, 2-4-6 ಆ ನಿಯಮಕ್ಕೆ ಸರಿಹೊಂದುತ್ತದೆ, ನೀವು ಬೇರೆ ಮೂರು ಮೂರು ಅಂಕಿಗಳನ್ನು ಹೇಳಿ ನಿಯಮವನ್ನು ಕಂಡುಹಿಡಿಯಿರಿ ಎಂದು ಮನೆಯವರಿಗೆ ಹೇಳಿ. ಬಹಳ ಜನ 8-10-12 ಅನ್ನುತ್ತಾರೆ, ಸರಿ ಎಂದರೆ 20-22-24 ಅನ್ನುತ್ತಾರೆ, ಆಮೇಲೆ ‘ಎರಡೆರಡು ಕೂಡಿಸುತ್ತ ಹೋಗುವುದು’ ಎಂದು ಘೋಷಿಸಿಬಿಡುತ್ತಾರೆ. ನಿಯಮ ಅದಲ್ಲ. ಅಂಕಿಗಳು ಏರುತ್ತ ಹೋಗಬೇಕು, ಅಷ್ಟೇ. 1-7-90 ಕೂಡ ನಡೆಯುತ್ತದೆ. ತಮ್ಮ ಊಹೆ ತಪ್ಪಾಗುವಂಥ ಮೂರಂಕಿಗಳನ್ನು ಹೇಳಿ ನೋಡೋಣ ಎಂದು ತಾವಾಗಿ ಯೋಚಿಸುವವರು ಕಡಿಮೆ. ಇಂಜಿನಿಯರು, ಡಾಕ್ಟರು, ಸಿಎ ಎಂಬ ಭೇದವಿಲ್ಲದೆ ಇದರಲ್ಲಿ ಬೀಳುತ್ತಾರೆ. ಓದಿದವರಿಗೆ ಒಂದು ಹೆಚ್ಚಿನ ಅಪಾಯವೂ ಇದೆ: ತಮ್ಮ ಊಹೆಯನ್ನು ಸಮರ್ಥಿಸಿಕೊಳ್ಳಲು ಅವರ ಬಳಿ ಮಾತು ಜಾಸ್ತಿ.

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1970ರ ದಶಕದಲ್ಲಿ ಇಂಥ ತಪ್ಪುಗಳ ಪಟ್ಟಿಯನ್ನೇ ಕಟ್ಟಿದರು. ಮನಸ್ಸು ಹೆಚ್ಚಿನ ಹೊತ್ತು ಅಡ್ಡದಾರಿಯಲ್ಲಿ ಓಡುತ್ತದೆ, ಕೂತು ಲೆಕ್ಕ ಹಾಕುವುದು ಅಪರೂಪ, ಈ ಅಡ್ಡದಾರಿಗಳು ಎಡವಿಸುವ ಜಾಗಗಳು ಮೊದಲೇ ಹೇಳಬಹುದಾದಂಥವು ಎಂಬುದು ಅವರ ಮಾತಿನ ಸಾರ. ಕಾಹ್ನೆಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ದಶಕಗಳ ಕಾಲ ಇದನ್ನೇ ಅಭ್ಯಾಸ ಮಾಡಿದರೂ ತನ್ನ ಸ್ವಂತ ಮನಸ್ಸು ಹೆಚ್ಚೇನೂ ತಿದ್ದಿಕೊಂಡಿಲ್ಲ ಎಂದು ಆತ ತಾನೇ ಬರೆದುಕೊಂಡಿದ್ದಾನೆ. ಈ ಮಾತನ್ನು ಗಂಭೀರವಾಗಿ ತಗೊಳ್ಳಬೇಕು. ಜಾಗ್ರತೆಯಾಗಿರಿ, ವಿಚಾರ ಮಾಡಿ ಎಂಬ ಉಪದೇಶದಿಂದ ಅವನಿಗೇ ಆಗದ್ದು ನಮಗೆ ಆದೀತೇ? ಇದಕ್ಕೊಂದು ಉತ್ತರ ನಮ್ಮ ಮುಂಬಯಿ ಲೋಕಲಿನ ಹಾರ್ಬರ್ ಲೈನಿನಲ್ಲಿ ಸಿಕ್ಕಿದೆ.

ವಡಾಲದಲ್ಲಿ ಮಾಡಿದ್ದು

ಎನ್‌ಕೆಇಎಸ್ ಕನ್ನಡ ಶಾಲೆಯಿಂದಾಗಿ ವಡಾಲ ಮುಂಬಯಿಯ ಕನ್ನಡಿಗರಿಗೆ ಅಪರಿಚಿತ ಜಾಗವಲ್ಲ. ಅಲ್ಲಿಯ ಸ್ಟೇಷನ್ನಿನ ಆಸುಪಾಸಿನಲ್ಲಿ ಹಳಿ ದಾಟುವಾಗ ಜನ ಸಾಯುತ್ತಿದ್ದರು. ಇಡೀ ಮುಂಬಯಿ ಉಪನಗರ ರೈಲಿನಲ್ಲೇ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸಾವು. ಅದರಲ್ಲಿ ದೊಡ್ಡ ಪಾಲು ಹಳಿ ದಾಟುವವರದು. ಫಲಕಗಳಿದ್ದವು, ದಂಡವಿತ್ತು, ಧ್ವನಿವರ್ಧಕದಲ್ಲಿ ಮೂರು ಭಾಷೆಯ ಎಚ್ಚರಿಕೆ ಇತ್ತು. ದಾಟುವವರು ದಾಟುತ್ತಲೇ ಇದ್ದರು.

2009ರ ಕೊನೆಗೆ ಮುಂಬಯಿಯದೇ ಫೈನಲ್ ಮೈಲ್ ಎಂಬ ಸಂಸ್ಥೆ ರೈಲ್ವೆಯ ಒಪ್ಪಿಗೆ ಪಡೆದು ಇಲ್ಲಿ ಪ್ರಯೋಗ ಶುರು ಮಾಡಿತು. ಜನ ಯಾಕೆ ಕೇಳುವುದಿಲ್ಲ ಎಂದು ಬೈಯುವ ಬದಲು, ದಾಟುವವನ ಕಣ್ಣಿಗೆ, ಕಿವಿಗೆ ಆ ಕ್ಷಣದಲ್ಲಿ ಏನು ತಲಪುತ್ತದೆ ಎಂದು ಅವರು ನೋಡಿದರು. ದೊಡ್ಡ ವಸ್ತು ದೂರದಿಂದ ಬರುವಾಗ ಇರುವುದಕ್ಕಿಂತ ನಿಧಾನ ಎಂದು ಕಣ್ಣಿಗೆ ತೋರುತ್ತದೆ. ಹರ್ಷೆಲ್ ಲೀಬೊವಿಟ್ಜ್ ಎಂಬ ಅಮೆರಿಕದ ಸಂಶೋಧಕ 1985ರಲ್ಲೇ ಲೆವೆಲ್ ಕ್ರಾಸಿಂಗ್ ಅಪಘಾತಗಳ ಬಗ್ಗೆ ಬರೆಯುತ್ತ ಇದನ್ನು ಹೇಳಿದ್ದ. ವಿಮಾನ ಆಕಾಶದಲ್ಲಿ ತೆವಳುತ್ತಿದೆ ಅನ್ನಿಸುವುದೂ ಹೀಗೇ. ಹಳಿ ದಾಟುವವನು ಲೋಕಲನ್ನು ನೋಡಿಯೇ ದಾಟುತ್ತಾನೆ. ಇನ್ನೂ ಹೊತ್ತಿದೆ ಎಂದು ಅವನ ಕಣ್ಣು ಹೇಳಿದ್ದೇ ತಪ್ಪಾಗಿರುತ್ತದೆ. ಅದೂ ಅಲ್ಲದೆ ಅವನು ದಿನಾ ದಾಟುವವನು. ನಿನ್ನೆಯವರೆಗೆ ಏನೂ ಆಗಿಲ್ಲ ಎಂಬುದು ಇವತ್ತಿನ ಧೈರ್ಯ.

ಅವರು ಮಾಡಿದ ಕೆಲಸ ಮೂರು. ಹಳಿಯ ಕೆಳಗಿನ ಸ್ಲೀಪರ್‌ಗಳಿಗೆ ಅಲ್ಲಲ್ಲಿ ಬಿಟ್ಟು ಬಿಟ್ಟು ಎದ್ದು ಕಾಣುವ ಹಳದಿ ಬಳಿದರು. ರೈಲು ಆ ಪಟ್ಟಿಗಳನ್ನು ಒಂದೊಂದಾಗಿ ನುಂಗುತ್ತ ಬರುವುದು ಕಂಡಾಗ ಅದರ ವೇಗ ಕಣ್ಣಿಗೆ ಗೊತ್ತಾಗುತ್ತದೆ. ಎರಡನೆಯದಾಗಿ, ಮೋಟರ್‌ಮನ್ ಒಂದೇ ಉದ್ದನೆಯ ಹಾರ್ನ್ ಹೊಡೆಯುವ ಬದಲು ಎರಡು ಚಿಕ್ಕ ಹಾರ್ನ್ ಹೊಡೆಯುವಂತೆ ಮಾಡಿದರು. ನಡುವೆ ಬರುವ ಮೌನ ಕಿವಿಯನ್ನು ಎಬ್ಬಿಸುತ್ತದೆ. ಮೂರನೆಯದು ಒಂದು ಚಿತ್ರ. ರೈಲಿನಡಿ ಸಿಲುಕುತ್ತಿರುವ ಮನುಷ್ಯನೊಬ್ಬನ ಮುಖ, ಮೂರು ಚೌಕಟ್ಟುಗಳಲ್ಲಿ ಹತ್ತಿರ ಹತ್ತಿರವಾಗುತ್ತ ಬರುತ್ತದೆ. ಕೊನೆಯದರಲ್ಲಿ ಕಣ್ಣು, ತೆರೆದ ಬಾಯಿ. ನಟನೊಬ್ಬನ ಫೋಟೋ ಅದು. ಕಡ್ಡಿ ಮನುಷ್ಯನ ಫಲಕ ಮುಟ್ಟದ ಜಾಗವನ್ನು ಆ ಮುಖ ಮುಟ್ಟಿತು. ಪ್ರಯೋಗಕ್ಕೆ ಮುಂಚಿನ ಆರು ತಿಂಗಳಲ್ಲಿ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವಾಗಿದ್ದರೆ 2010ರ ಮೊದಲ ಆರು ತಿಂಗಳಲ್ಲಿ ಅದು ಹತ್ತರೊಳಗೆ ಇಳಿಯಿತು.

ಒಂದೇ ಸ್ಟೇಷನ್ನಿನ ಸಣ್ಣ ಅಂಕಿ ಹಿಡಿದುಕೊಂಡು ಕುಣಿಯುವುದೂ ತಪ್ಪೇ. ಹಾಗೆ ಮಾಡಿದರೆ ನಾನೇ ವೇಸನ್ನನ ಪರೀಕ್ಷೆಯಲ್ಲಿ ಫೇಲ್. ಬೇಲಿ, ಪಾದಚಾರಿ ಸೇತುವೆ, ಎಸ್ಕಲೇಟರ್ ಇಲ್ಲದೆ ಬರೀ ಬಣ್ಣದಿಂದ ಮುಂಬಯಿಯ ಹಳಿಗಳು ಸುರಕ್ಷಿತವಾಗುವುದಿಲ್ಲ. ಆದರೆ ದಾರಿ ಸರಿಯಾದದ್ದು. ಯಾರ ಬುದ್ಧಿಯನ್ನೂ ತಿದ್ದಲು ಅವರು ಹೋಗಲಿಲ್ಲ. ತಪ್ಪು ಆಗುವ ಜಾಗಕ್ಕೆ ಮೊದಲೇ ಹೋಗಿ ಅಲ್ಲೊಂದು ಗುರುತು ಹಾಕಿ ಬಂದರು.

ಇನ್ನೊಂದು ಉದಾಹರಣೆ ನಗು ಬರಿಸುವಂಥದ್ದು. ಕೆಂಪು ದೀಪ ಇರುವಾಗಲೂ ಹಾರ್ನ್ ಹೊಡೆಯುವುದಕ್ಕಿಂತ ಅರ್ಥವಿಲ್ಲದ ಕೆಲಸ ಇನ್ನೊಂದಿಲ್ಲ. ಮುಂಬಯಿ ಪೊಲೀಸರು ಸಿಎಸ್‌ಎಂಟಿ, ಪೆಡರ್ ರೋಡ್, ಹಿಂದಮಾತಾ ಮೊದಲಾದ ಕಡೆ ಸಿಗ್ನಲ್ಲಿಗೆ ಶಬ್ದ ಅಳೆಯುವ ಯಂತ್ರ ಜೋಡಿಸಿದರು. ಗದ್ದಲ 85 ಡೆಸಿಬಲ್ ದಾಟಿದರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿನಿಂದ ಶುರು. 2020ರ ಜನವರಿ ಕೊನೆಗೆ ಅದರ ವಿಡಿಯೋ ಹೊರಬಂದಾಗ, ತಮ್ಮ ಹಾರ್ನಿನಿಂದಲೇ ತಾವು ಕಾಯುತ್ತಿದ್ದೇವೆಂದು ತಿಳಿದ ಚಾಲಕರ ಮುಖ ಇಡೀ ದೇಶ ನೋಡಿತು.

ಈಗ ನಮ್ಮ ಮನೆಯೊಳಗೆ ಬರೋಣ. ಹಣ, ಫೋನು, ಗುಂಪು, ಹಟ: ನಾವು ಎಡವುವುದು ಹೆಚ್ಚಾಗಿ ಇಲ್ಲಿ.

ವಾರಕ್ಕೆ ಆರು ಶೇಕಡ

2024ರ ಫೆಬ್ರವರಿಯಲ್ಲಿ ದಾದರ್‌ನಲ್ಲಿ ಟೊರೆಸ್ ಎಂಬ ಹೆಸರಿನ ಹೊಳೆಯುವ ಆಭರಣದಂಗಡಿ ತೆರೆಯಿತು. ಆಮೇಲೆ ಕಾಂದಿವಲಿ, ಮೀರಾರೋಡ್, ಕಲ್ಯಾಣ, ಸಾನ್ಪಾಡಾ ಎಂದು ಹಬ್ಬಿತು. ಹಣ ಹಾಕಿದವರಿಗೆ ಮೊಯ್ಸನೈಟ್ ಎಂಬ ಹರಳು ಕೊಟ್ಟು, ಪ್ರತಿ ವಾರ ಶೇಕಡ ಇಷ್ಟೆಂದು ಪ್ರತಿಫಲ ಕೊಡುತ್ತೇವೆ ಎಂಬುದು ಅವರ ಯೋಜನೆ. ತಿಂಗಳುಗಟ್ಟಲೆ ಕೊಟ್ಟರು ಕೂಡ. ಡಿಸೆಂಬರ್ ಕೊನೆಗೆ ಹಣ ಬರುವುದು ನಿಂತಿತು. 2025ರ ಜನವರಿ 6ರಂದು ದಾದರ್ ಅಂಗಡಿಯ ಮುಂದೆ ಜನ ಸೇರಿದಾಗ ಒಳಗಿನವರು ಪರಾರಿಯಾಗಿದ್ದರು. ಭಾಜಿ ಮಾರುವವರಿಂದ ಹಿಡಿದು ಸಂಬಳದಾರರವರೆಗೆ ಲಕ್ಷಕ್ಕೂ ಮೇಲ್ಪಟ್ಟು ಜನ ಸಿಲುಕಿದ್ದರು.

ದುರಾಸೆ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ಹಾಕಿದವರಲ್ಲಿ ಬಹಳ ಜನ ಮೊದಲು ಸ್ವಲ್ಪವೇ ಹಾಕಿ ‘ಪರೀಕ್ಷೆ’ ಮಾಡಿದ್ದರು. ವಾರ ವಾರ ಹಣ ಬಂತು. ಮಾಹಿಮ್ ನೀರಿನ ರುಚಿಯ ಹಾಗೆ ಬಂದ ಹಣ ನಿಜ. ಅದು ವ್ಯಾಪಾರದ ಲಾಭ ಎಂಬ ಕಾರಣ ಮಾತ್ರ ಸುಳ್ಳು. ಹೊಸಬನ ಹಣ ಹಳಬನಿಗೆ ಹೋಗುತ್ತಿತ್ತು. ಇಂಥ ಯೋಜನೆಯಲ್ಲಿ ಸಣ್ಣ ಮೊತ್ತದ ಪರೀಕ್ಷೆ ಯಾವಾಗಲೂ ಪಾಸಾಗುತ್ತದೆ, ಯಾಕೆಂದರೆ ಅದನ್ನು ಪಾಸು ಮಾಡಿಸುವುದೇ ಅವರ ಬಂಡವಾಳ.

ನಿಜವಾದ ಪರೀಕ್ಷೆಗೆ ಹಣ ಬೇಡ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ವಾರಕ್ಕೆ ಶೇಕಡ 6 ಎಂದರೆ ಕಿವಿಗೆ ಸಣ್ಣ ಅಂಕಿ. ಬಂದದ್ದನ್ನು ಅದರಲ್ಲೇ ಮತ್ತೆ ಹಾಕುತ್ತ ಹೋದರೆ 52 ವಾರಕ್ಕೆ ಒಂದು ಲಕ್ಷ ರೂಪಾಯಿ ಇಪ್ಪತ್ತು ಲಕ್ಷ ದಾಟುತ್ತದೆ. ಎರಡನೆಯ ವರ್ಷದ ಕೊನೆಗೆ ನಾಲ್ಕು ಕೋಟಿ. ಅಷ್ಟು ಲಾಭ ಬರುವ ವ್ಯಾಪಾರ ಇದ್ದವನು ನಿಮ್ಮ ಒಂದು ಲಕ್ಷಕ್ಕಾಗಿ ಅಂಗಡಿ ತೆರೆದು ಕೂರುತ್ತಾನೆಯೇ? ಯಾರಾದರೂ ವಾರದ, ತಿಂಗಳ ಲೆಕ್ಕ ಹೇಳಿದರೆ ಅದನ್ನು ವರ್ಷಕ್ಕೆ ತಿರುಗಿಸದೆ ಮುಂದಿನ ಮಾತು ಆಡಬೇಡಿ. ಬ್ಯಾಂಕಿನ ಠೇವಣಿಗೆ ವರ್ಷಕ್ಕೆ ಆರೋ ಏಳೋ ಶೇಕಡ ಬರುವ ಕಾಲದಲ್ಲಿ ಅದೇ ಅಂಕಿಯನ್ನು ವಾರಕ್ಕೆ ಕೊಡುತ್ತೇನೆಂದವನ ಬಗ್ಗೆ ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲಿ ವಿಚಾರಿಸಬಹುದು, ದೂರನ್ನೂ ಕೊಡಬಹುದು. ಷೇರು, ಮ್ಯೂಚುವಲ್ ಫಂಡ್ ಎಂದು ಹೇಳುವವನಿಗೆ ಸೆಬಿ ನೋಂದಣಿ ಸಂಖ್ಯೆ ಕೇಳಿ, ಸೆಬಿಯ ತಾಣದಲ್ಲೇ ತಾಳೆ ನೋಡಿ. ಅವನು ಕಳಿಸಿದ ಲಿಂಕಿನಲ್ಲಿ ನೋಡಿದರೆ ನೋಡಿದ ಹಾಗಲ್ಲ.

ಪರಿಚಯದವರ ಮಾತಿನ ವಿಷಯ ಸೂಕ್ಷ್ಮ. ಮುಂಬಯಿಗೆ ಬಂದ ನಮ್ಮವರ ಬದುಕು ನಿಂತದ್ದೇ ಪರಿಚಯದ ಮೇಲೆ. ಕೆಲಸ ಕೊಡಿಸಿದವರು ಊರಿನವರು, ಖೋಲಿ ಹುಡುಕಿ ಕೊಟ್ಟವರು ಸಂಘದವರು, ಭಿಶಿ (ಚೀಟಿ) ನಡೆಸುವವರು ಪಕ್ಕದ ಮನೆಯವರು. ಈ ನಂಬಿಕೆ ಇಲ್ಲದಿದ್ದರೆ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಆ ತಲೆಮಾರು ನೆಲೆ ನಿಲ್ಲುತ್ತಲೇ ಇರಲಿಲ್ಲ. ಆದ್ದರಿಂದ ಯಾರನ್ನೂ ನಂಬಬೇಡಿ ಎಂದು ಹೇಳುವುದು ಅಪ್ರಯೋಜಕ. ಆದರೆ ‘ನಾನೂ ಹಾಕಿದ್ದೇನೆ’ ಎಂದು ಹತ್ತು ಜನ ಹೇಳಿದರೆ ಅದು ಹತ್ತು ಸಾಕ್ಷಿಯಲ್ಲ. ಹತ್ತೂ ಜನ ಒಬ್ಬನ ಮಾತು ಕೇಳಿ ಹಾಕಿದ್ದರೆ ಸಾಕ್ಷಿ ಒಂದೇ. ಹಾಗಾಗಿ ಪರಿಚಯದವರನ್ನು ಕೇಳಬೇಕಾದ ಪ್ರಶ್ನೆ ‘ಹಣ ಬರುತ್ತಿದೆಯೇ’ ಎಂಬುದಲ್ಲ. ‘ಕಂಪೆನಿ ಹಣ ಮಾಡುವುದು ಹೇಗೆಂದು ನೀವು ವಿಚಾರಿಸಿದ್ದೀರಾ’ ಎಂದು ಕೇಳಿ. ಒಳ್ಳೆಯ ಸ್ನೇಹಿತ ಇದಕ್ಕೆ ಬೇಸರಿಸುವುದಿಲ್ಲ. ‘ಏನು ಮಾರಾಯ್ರೆ, ನಿಮಗೆ ಎಲ್ಲದರಲ್ಲೂ ಸಂಶಯ’ ಎಂದು ನಕ್ಕರೂ ಯೋಚನೆ ಮಾಡುತ್ತಾನೆ.

ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1951ರಲ್ಲಿ ವರದಿ ಮಾಡಿದ ಪ್ರಯೋಗ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗೆರೆಗಳ ಉದ್ದ ಹೋಲಿಸುವ ಸುಲಭ ಕೆಲಸ. ಉಳಿದವರೆಲ್ಲ ಬೇಕೆಂದೇ ತಪ್ಪು ಹೇಳಿದಾಗ, ಕಣ್ಣೆದುರಿನ ಉತ್ತರವನ್ನು ಬಿಟ್ಟು ಅವರ ಹಾಗೇ ಹೇಳಿದವರು ಅನೇಕರು. ಆದರೆ ಗುಂಪಿನಲ್ಲಿ ಇನ್ನೊಬ್ಬ, ಒಬ್ಬನೇ ಒಬ್ಬ, ಸರಿಯಾದ ಉತ್ತರ ಹೇಳಿದರೆ ಈ ಒತ್ತಡ ಬಹಳ ಮಟ್ಟಿಗೆ ಇಳಿಯುತ್ತಿತ್ತು. ಮನೆಯಲ್ಲಿ ದೊಡ್ಡ ಮೊತ್ತದ ತೀರ್ಮಾನ ಇರುವಾಗ ಒಬ್ಬರಿಗೆ ‘ಬೇಡ’ ಎನ್ನುವ ಕೆಲಸ ಒಪ್ಪಿಸಿ. ಅತ್ತಿಗೆಯೋ, ಕಾಲೇಜಿಗೆ ಹೋಗುವ ಮಗಳೋ ಆಗಬಹುದು. ಅವರಿಗೆ ನಿಜವಾಗಿ ವಿರೋಧ ಇರಲಿ ಬಿಡಲಿ, ಬೇಡ ಎನ್ನಲು ಮೂರು ಕಾರಣ ಹುಡುಕಿ ತರಬೇಕು. ಕೆಲಸವೇ ಅದಾದರೆ ಹಾಗೆ ಹೇಳಿದವರ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ಹೌಸಿಂಗ್ ಸೊಸೈಟಿಯ ಸಭೆಗಳಲ್ಲೂ ಇದನ್ನು ಮಾಡಬಹುದಿತ್ತು, ಆದರೆ ಅಲ್ಲಿ ಬೇಡ ಎನ್ನುವವರ ಕೊರತೆ ಯಾವತ್ತೂ ಇಲ್ಲ.

ಜೂಜಿನ ಬಗ್ಗೆ ಎರಡು ಮಾತು. ಮಟ್ಕಾ ಈ ಊರಿನ ಕೊಡುಗೆ. ನ್ಯೂಯಾರ್ಕಿನ ಹತ್ತಿ ದರದ ಅಂಕಿಗಳ ಮೇಲೆ ನಡೆಯುತ್ತಿದ್ದ ಜೂಜು ನಿಂತ ಮೇಲೆ 1962ರಲ್ಲಿ ಕಲ್ಯಾಣಜಿ ಭಗತ್, ಆಮೇಲೆ ರತನ್ ಖತ್ರಿ ಅದನ್ನು ಬೆಳೆಸಿದರು. ಗಿರಣಗಾಂವ್‌ನ ಮಿಲ್ ಕಾರ್ಮಿಕರಿಂದ ನಮ್ಮ ಕರಾವಳಿಯ ಪೇಟೆಗಳವರೆಗೆ ಮಟ್ಕಾದ ಓಪನ್-ಕ್ಲೋಸ್ ತಲಪಿತು. ಚಾರ್ಟ್ ಇಟ್ಟುಕೊಂಡು ‘ನಾಲ್ಕು ಬಂದು ಬಹಳ ದಿನವಾಯಿತು, ಇವತ್ತು ಬರಲೇಬೇಕು’ ಎಂದು ಲೆಕ್ಕ ಹಾಕುವವರನ್ನು ನೀವೂ ಕಂಡಿರಬಹುದು. ಅಂಕಿಗೆ ನೆನಪಿಲ್ಲ, ನಿನ್ನೆ ಬಂದಿಲ್ಲ ಎಂಬುದು ಅದಕ್ಕೆ ಗೊತ್ತಿಲ್ಲ. ಹತ್ತರಲ್ಲಿ ಒಂದು ಸಾಧ್ಯತೆಗೆ ಒಂದಕ್ಕೆ ಒಂಬತ್ತು ಕೊಡುವ ಆಟದಲ್ಲಿ ಪ್ರತಿ ರೂಪಾಯಿಗೂ ಸರಾಸರಿ ಹತ್ತು ಪೈಸೆ ಹೋಗುತ್ತಲೇ ಇರುತ್ತದೆ, ಚಾರ್ಟ್ ಎಷ್ಟು ಚೆಂದ ಇದ್ದರೂ. ಇವತ್ತು ಅದೇ ಚಾರ್ಟ್ ಷೇರು ವಹಿವಾಟಿನ ಹೆಸರಿನಲ್ಲಿ ಮೊಬೈಲಿನಲ್ಲಿ ಬಣ್ಣ ಬಣ್ಣವಾಗಿ ಬಂದಿದೆ. ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಕೂತ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದೇನೆಂದರೆ, ಮೂರು ವರ್ಷಗಳಲ್ಲಿ ಫ್ಯೂಚರ್ಸ್-ಆಪ್ಷನ್ಸ್ ಆಡಿದ ವೈಯಕ್ತಿಕ ವ್ಯಾಪಾರಿಗಳಲ್ಲಿ ಶೇಕಡ 93 ಮಂದಿ ನಷ್ಟದಲ್ಲಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಆ ಅಂಕಿ ಓದಿದ ಮೇಲೂ ‘ನಾನು ಉಳಿದ ಏಳರಲ್ಲಿ ಒಬ್ಬ’ ಅನ್ನಿಸಿದರೆ, ತೊಂಬತ್ತಮೂರು ಮಂದಿಗೂ ಹಾಗೇ ಅನ್ನಿಸಿತ್ತು. ನಿಮ್ಮ ಪ್ರತಿ ವಹಿವಾಟನ್ನು ಮಾಡುವ ಮುಂಚೆ ಕಾರಣ ಸಮೇತ ಒಂದು ಡೈರಿಯಲ್ಲಿ ಬರೆಯಿರಿ. ಆರು ತಿಂಗಳ ನಂತರ ಲೆಕ್ಕ ನೋಡಿ. ನೆನಪು ಗೆದ್ದದ್ದನ್ನು ಇಟ್ಟುಕೊಂಡು ಸೋತದ್ದನ್ನು ಬಿಡುತ್ತದೆ, ಡೈರಿ ಹಾಗೆ ಮಾಡುವುದಿಲ್ಲ.

ಫೋನಿನಲ್ಲಿ ಪೊಲೀಸು

ಟೊರೆಸ್ ಆಸೆಯ ಕಥೆಯಾದರೆ ‘ಡಿಜಿಟಲ್ ಅರೆಸ್ಟ್’ ಭಯದ್ದು. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮ ಆಧಾರ್ ಬಳಸಿ ಖಾತೆ ತೆರೆದಿದ್ದಾರೆ ಎಂದು ಫೋನು ಶುರುವಾಗುತ್ತದೆ. ಆಮೇಲೆ ವಿಡಿಯೋದಲ್ಲಿ ಸಮವಸ್ತ್ರ, ಹಿಂದೆ ಠಾಣೆಯಂತೆ ಕಾಣುವ ಗೋಡೆ, ಸಿಬಿಐ ಎಂಬ ಕಾಗದ. ಯಾರಿಗೂ ಹೇಳಕೂಡದು, ಫೋನು ಇಡಕೂಡದು. 2025ರ ಮಾರ್ಚ್‌ನಲ್ಲಿ ಹೊರಬಂದ ಪ್ರಕರಣವೊಂದರಲ್ಲಿ ದಕ್ಷಿಣ ಮುಂಬಯಿಯ 86 ವರ್ಷದ ಮಹಿಳೆಯೊಬ್ಬರು ಹೀಗೆ 20 ಕೋಟಿ ರೂಪಾಯಿಗೂ ಹೆಚ್ಚು ಕಳೆದುಕೊಂಡಿದ್ದರು.

ಈ ವಂಚನೆಯ ಕೀಲಿ ಇರುವುದು ಬೆದರಿಕೆಗಿಂತ ಹೆಚ್ಚಾಗಿ ‘ಯಾರಿಗೂ ಹೇಳಬೇಡಿ’ ಎಂಬಲ್ಲಿ. ಭಯಗೊಂಡ ಮನಸ್ಸು ಪಕ್ಕದ ಮನೆಯವರ ಎದುರು ಅದೇ ಕಥೆಯನ್ನು ಒಮ್ಮೆ ಬಾಯಿಬಿಟ್ಟು ಹೇಳಿದರೆ ಅರ್ಧ ಅಲ್ಲೇ ಕಳಚಿ ಬೀಳುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದು, ಡೊಂಬಿವಲಿಯ, ಮುಲುಂಡಿನ ಫ್ಲ್ಯಾಟಿನಲ್ಲಿ ಒಬ್ಬರೇ ಇರುವ ಹಿರಿಯರು ಇದಕ್ಕೆ ಸುಲಭದ ತುತ್ತು. ಭಾರತದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ವಿಡಿಯೋ ಕಾಲಿನಲ್ಲಿ ಯಾರನ್ನೂ ಬಂಧಿಸುವುದಿಲ್ಲ, ತನಿಖೆಗೆಂದು ಹಣ ವರ್ಗಾಯಿಸಿ ಎಂದು ಯಾವ ಇಲಾಖೆಯೂ ಹೇಳುವುದಿಲ್ಲ. ಪ್ರಧಾನಿ 2024ರ ಅಕ್ಟೋಬರ್‌ನ ‘ಮನ್ ಕೀ ಬಾತ್’ನಲ್ಲಿ ಇದನ್ನೇ ಹೇಳಿದರು. ಆದರೆ ಎದೆ ಹೊಡೆದುಕೊಳ್ಳುತ್ತಿರುವಾಗ ಯಾರಿಗೂ ರೇಡಿಯೋ ಮಾತು ನೆನಪಾಗುವುದಿಲ್ಲ. ವಡಾಲದ ಉಪಾಯ ಬೇಕಾಗುವುದು ಇಲ್ಲೇ.

ಒಂದು ರವಿವಾರ ಅಮ್ಮನ ಜೊತೆ ಕೂತು ಕೆಲವು ಕೆಲಸ ಮಾಡಿ. ಬ್ಯಾಂಕಿನ ಆ್ಯಪ್‌ನಲ್ಲಿ ದಿನದ ವರ್ಗಾವಣೆ ಮಿತಿಯನ್ನು ಮನೆಖರ್ಚಿಗೆ ಬೇಕಾದಷ್ಟಕ್ಕೆ ಇಳಿಸಿ. ಠೇವಣಿಯನ್ನು ಫೋನಿನಲ್ಲೇ ಮುರಿಯುವ ಸೌಕರ್ಯ ಇದ್ದರೆ ಅದನ್ನು ತೆಗೆಸಲು ಬ್ಯಾಂಕಿನಲ್ಲಿ ಕೇಳಿ. ಶಾಖೆಗೆ ನಡೆದು ಹೋಗುವ ಅರ್ಧ ಗಂಟೆಯೇ ದೊಡ್ಡ ರಕ್ಷಣೆ. ಫೋನು ಇಡುವ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿ: ‘ಪೊಲೀಸ್ ಎಂದರೆ ಫೋನ್ ಇಡು. ಮಗನಿಗೆ ಮಾಡು. 1930.’ 1930 ಎಂಬುದು ಸೈಬರ್ ವಂಚನೆಯ ಸಹಾಯವಾಣಿ. ಕನ್ನಡದಲ್ಲೇ ಬರೆಯಿರಿ, ಅಮ್ಮನಿಗೆ ಬೇಗ ಓದಲು ಬರುವುದು ಅದೇ. ಇನ್ನೊಂದು ಒಪ್ಪಂದ, ಇಂತಿಷ್ಟು ರೂಪಾಯಿಗಿಂತ ಮೇಲಿನ ಯಾವ ಹಣವೂ ಮನೆಯ ಇಬ್ಬರಿಗೆ ತಿಳಿಯದೆ, ಒಂದು ರಾತ್ರಿ ಕಳೆಯದೆ ಹೊರಗೆ ಹೋಗಕೂಡದು. ಈ ನಿಯಮ ಅಮ್ಮನಿಗೆ ಮಾತ್ರ ಹಾಕಿದರೆ ಅವಮಾನ. ನಿಮಗೂ ಹಾಕಿಕೊಳ್ಳಿ.

ಗುಂಪು, ಹಟ

2017ರ ಸೆಪ್ಟೆಂಬರ್ 29ರ ಬೆಳಗ್ಗೆ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಇಕ್ಕಟ್ಟಾದ ಸೇತುವೆಯಲ್ಲಿ ಮಳೆಗೆ ನಿಂತ ಜನರ ನಡುವೆ ಕಾಲ್ತುಳಿತವಾಗಿ 23 ಮಂದಿ ಸತ್ತರು. ಹೂವು ಬಿತ್ತು ಎಂದು ಹಿಂದಿಯಲ್ಲಿ ಯಾರೋ ಕೂಗಿದ್ದು ಸೇತುವೆ ಬಿತ್ತು ಎಂದು ಕೇಳಿಸಿತೆಂಬ ಹೇಳಿಕೆ ಬಂದಿತ್ತು. ಓಡಿದವರನ್ನು ಮೂಢರೆನ್ನಲು ನನಗೆ ಮನಸ್ಸಿಲ್ಲ. ಅಷ್ಟು ಜನಕ್ಕೆ ಅಷ್ಟು ಚಿಕ್ಕ ಸೇತುವೆ ಇಟ್ಟದ್ದು ಅವರಲ್ಲ. ಅಂಥ ಕಡೆ ವೈಯಕ್ತಿಕ ವಿವೇಕದಿಂದ ಆಗುವುದು ಸ್ವಲ್ಪವೇ.

ವಾಟ್ಸ್ಆ್ಯಪ್‌ನ ಗುಂಪು ಬೇರೆ. ಅಲ್ಲಿ ನಿಲ್ಲಲು ಜಾಗವಿದೆ, ಸಮಯವಿದೆ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಐವರನ್ನು ಜನ ಹೊಡೆದು ಕೊಂದರು. ಅದೇ ತಿಂಗಳು ಕಂಪೆನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಮುಂದೂಡುವ ಮಿತಿ ಹಾಕಿತು. ಇದೂ ಒಂದು ಹಳದಿ ಪಟ್ಟಿಯೇ. ನಿಮ್ಮದೇ ಒಂದು ಸೇರಿಸಿಕೊಳ್ಳಿ: ಓದಿದೊಡನೆ ಸಿಟ್ಟೋ ಭಯವೋ ಉಕ್ಕಿದ ಸಂದೇಶವನ್ನು ಆ ದಿನ ಯಾರಿಗೂ ಕಳಿಸುವುದಿಲ್ಲ ಎಂದು. ಮರುದಿನ ಕಳಿಸಬೇಕೆನ್ನಿಸಿದರೆ ನೋಡೋಣ. ಬಹುತೇಕ ಅನ್ನಿಸುವುದಿಲ್ಲ.

ಹಟದ ವಿಷಯಕ್ಕೆ ಬೆಸ್ಟ್ ಬಸ್ ಸ್ಟಾಪ್ ಒಳ್ಳೆಯ ಪಾಠಶಾಲೆ. ನಲವತ್ತು ನಿಮಿಷ ಕಾದಾಗಿದೆ, ಈಗ ರಿಕ್ಷಾ ಹಿಡಿದರೆ ಕಾದದ್ದು ವ್ಯರ್ಥ ಎಂದು ಇನ್ನೂ ಕಾಯುತ್ತೇವೆ. ಕಾದದ್ದು ಆಗಲೇ ಹೋಗಿದೆ, ರಿಕ್ಷಾ ಹಿಡಿದರೂ ಹಿಡಿಯದಿದ್ದರೂ. ಬಸ್ಸಿನ ವಿಷಯದಲ್ಲಿ ಕಳೆದುಹೋಗುವುದು ಬರೀ ನಿಮಿಷಗಳು. ಕಂಡಕ್ಟಿಂಗ್‌ಗೆ, ಅಂದರೆ ಬಾಡಿಗೆಗೆ ನಡೆಸಲು, ಹಿಡಿದ ಹೋಟೆಲು ನಷ್ಟದಲ್ಲಿರುವಾಗ ಊರಿನ ತೋಟ ಅಡವಿಟ್ಟು ಮತ್ತೆ ಹಣ ಸುರಿಯುವುದು ಇದೇ ಹಟದಿಂದ. ಇದಕ್ಕೆ ಒಂದು ಪ್ರಶ್ನೆ ಕೆಲಸ ಮಾಡುತ್ತದೆ. ಇದು ನನ್ನ ಕೈಯಲ್ಲಿ ಇಲ್ಲವೇ ಇಲ್ಲ ಎಂದುಕೊಳ್ಳೋಣ. ಇವತ್ತು ಯಾರಾದರೂ ಇದೇ ಹೋಟೆಲನ್ನು ಇದೇ ಬಾಡಿಗೆಗೆ ಕೊಡುತ್ತೇನೆಂದರೆ ತಗೊಳ್ಳುತ್ತೇನೆಯೇ? ಇಲ್ಲ ಎಂದಾದರೆ ಹಾಕಿದ ಹಣದ ಮಾತು ಅಲ್ಲಿಗೆ ಮುಗಿಯಿತು. ಕಷ್ಟವೆಂದರೆ ಹಟದಲ್ಲಿರುವಾಗ ಈ ಪ್ರಶ್ನೆ ಹೊಳೆಯುವುದಿಲ್ಲ. ಆದ್ದರಿಂದ ವ್ಯಾಪಾರ ಶುರು ಮಾಡುವ ದಿನವೇ, ಪೂಜೆಯ ದಿನವೇ, ‘ಇಷ್ಟು ತಿಂಗಳಲ್ಲಿ ಇಷ್ಟು ಗಲ್ಲಾ ಆಗದಿದ್ದರೆ ಬಿಡುವುದು’ ಎಂದು ಬರೆದು ಪಾಲುದಾರನ ಕೈಯಲ್ಲಿ ಕೊಟ್ಟಿಡಿ.

ಯಾವುದಕ್ಕೆ ಜಗಳ, ಯಾವುದಕ್ಕೆ ಬೇಡ

ವೈಚಾರಿಕತೆ ಕಲಿತವರಿಗೆ ಹೊಸದರಲ್ಲಿ ಎಲ್ಲರನ್ನೂ ತಿದ್ದುವ ಉಮೇದು ಇರುತ್ತದೆ. ಬೇಡವೆಂದೇ ನನ್ನ ಸಲಹೆ. ಚಿಕ್ಕಮ್ಮ ರಾಹುಕಾಲ ಕಳೆದು ಹೊರಡುತ್ತಾರಾದರೆ ಹೊರಡಲಿ. ಅದರಿಂದ ಹೋಗುವುದು ಒಂದೂವರೆ ಗಂಟೆ. ಮೈಗೆ, ಹಣಕ್ಕೆ, ಇನ್ನೊಬ್ಬರ ಜೀವಕ್ಕೆ ಕುತ್ತು ಬರುವಲ್ಲಿ ಮಾತ್ರ ಸುಮ್ಮನಿರಬಾರದು. ಕಾಮಾಲೆಗೆ, ಕ್ಯಾನ್ಸರಿಗೆ ಮಂತ್ರ ಹಾಕಿಸುತ್ತ ಆಸ್ಪತ್ರೆಯನ್ನು ಮುಂದೂಡುವುದು, ದೆವ್ವ ಬಿಡಿಸುತ್ತೇನೆಂದು ಹುಡುಗಿಯನ್ನು ಹೊಡೆಯುವುದು ಆ ಬಗೆಯವು. ಅಂಧಶ್ರದ್ಧೆಯ ವಿರುದ್ಧ ಹೋರಾಡಿದ ದಾಭೋಲ್ಕರ್ ವರ್ಷಗಟ್ಟಲೆ ಬೇಡಿದ ಕಾನೂನು, 2013ರ ಆಗಸ್ಟ್ 20ರಂದು ಪುಣೆಯಲ್ಲಿ ಅವರ ಕೊಲೆಯಾದ ಮೇಲೆ ಮಹಾರಾಷ್ಟ್ರದಲ್ಲಿ ಬಂತು. ಕರ್ನಾಟಕದಲ್ಲಿ 2017ರ ಕಾಯಿದೆ ಇದೆ. ಇಂಥದ್ದು ಕಂಡರೆ ಪೊಲೀಸರಿಗೆ ದೂರು ಕೊಡಲು ದಾರಿ ಇದೆ ಎಂಬುದು ಗೊತ್ತಿರಲಿ.

ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳ ತನಿಖೆಗೆ ಸಮಿತಿ ಮಾಡಿದಾಗ ಕೇಳಿದ್ದು ಇಷ್ಟೇ: ನಮ್ಮೆದುರು ಮಾಡಿ ತೋರಿಸಿ. ಬೈಗುಳವಿಲ್ಲ, ಗೇಲಿಯಿಲ್ಲ. ಮನೆಯೊಳಗೂ ಆ ಧಾಟಿಯೇ ನಡೆಯುತ್ತದೆ. ಅಪ್ಪ ಒಂದು ಸುಳ್ಳು ಸುದ್ದಿ ಕಳಿಸಿದರೆ ಗುಂಪಿನಲ್ಲೇ ತಿದ್ದಬೇಡಿ, ಎಲ್ಲರೆದುರು ಸೋತ ಮನುಷ್ಯ ಆ ಸುದ್ದಿಯನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತಾನೆ. ಫೋನು ಮಾಡಿ ‘ಅಪ್ಪಾ, ಇದು ನಿಮಗೆ ಎಲ್ಲಿಂದ ಬಂತು, ಯಾವ ಪೇಪರಿನಲ್ಲಿ ಇದೆ?’ ಎಂದು ಕೇಳಿ. ಹುಡುಕುವ ಕೆಲಸ ಅವರೇ ಮಾಡಲಿ.

ಹಣ ಹೋಗಿಯೇ ಬಿಟ್ಟಿದ್ದರೆ ಬೈಯಲು ಕೂರಬೇಡಿ. ಬೈಗುಳದ ಭಯಕ್ಕೇ ಜನ ಎರಡು ಮೂರು ದಿನ ಬಾಯಿ ಬಿಡದೆ ಇರುತ್ತಾರೆ, ಅಷ್ಟರಲ್ಲಿ ಹಣ ಹತ್ತು ಖಾತೆ ದಾಟಿರುತ್ತದೆ. ಕೂಡಲೇ 1930ಕ್ಕೆ ಫೋನು ಮಾಡಿ. ವಹಿವಾಟಿನ ಯುಟಿಆರ್ ಸಂಖ್ಯೆ, ಹೋದ ಮೊತ್ತ, ಸಮಯ, ನಿಮ್ಮ ಬ್ಯಾಂಕಿನ ಹೆಸರು ಎದುರಿಗೆ ಇರಲಿ. ಹಣ ಇನ್ನೂ ಎಲ್ಲಾದರೂ ನಿಂತಿದ್ದರೆ ತಡೆಹಿಡಿಯಲು ಇದೇ ಬೇಕು. ಬ್ಯಾಂಕಿಗೂ ಆಗಲೇ ತಿಳಿಸಿ. ಸಂದೇಶಗಳನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಸೈಬರ್ ಕ್ರೈಮ್ ಪೋರ್ಟಲಿನಲ್ಲಿ ದೂರು ತುಂಬಿ, ಅದರ ಸಂಖ್ಯೆ ಹಿಡಿದುಕೊಂಡು ಹತ್ತಿರದ ಠಾಣೆಗೆ ಹೋಗಿ. ಟೊರೆಸ್‌ನಂಥ ಠೇವಣಿ ಯೋಜನೆಯಾದರೆ ನಿಮ್ಮ ಹಾಗೆ ಸಿಲುಕಿದವರ ಜೊತೆ ಸೇರಿ ದೂರು ಕೊಡಿ; ಠೇವಣಿದಾರರ ಹಿತರಕ್ಷಣೆಗೆ ಮಹಾರಾಷ್ಟ್ರದಲ್ಲಿ 1999ರ ಎಂಪಿಐಡಿ ಕಾಯಿದೆ ಇದೆ, ದೊಡ್ಡ ಪ್ರಕರಣಗಳು ಪೊಲೀಸರ ಆರ್ಥಿಕ ಅಪರಾಧ ವಿಭಾಗಕ್ಕೆ ಹೋಗುತ್ತವೆ. ಕೆಲವು ದಿನ ಬಿಟ್ಟು ‘ಕಳೆದ ಹಣ ವಾಪಸು ತರಿಸಿಕೊಡುತ್ತೇನೆ, ಸ್ವಲ್ಪ ಶುಲ್ಕ ಕೊಡಿ’ ಎಂದು ಇನ್ನೊಬ್ಬನ ಫೋನು ಬರಬಹುದು. ಮೋಸ ಹೋದವರ ಪಟ್ಟಿ ವಂಚಕರ ನಡುವೆ ಕೈ ಬದಲಾಗುತ್ತದೆ. ಅದಕ್ಕೂ ಉತ್ತರ ಫೋನಿನ ಬಳಿ ಅಂಟಿಸಿದ ಚೀಟಿಯಲ್ಲಿದೆ.